ಬರೆದವರ ಹೆಸರಿಲ್ಲದ ಜಾಲಪುಟಕ್ಕೆ ‘ಅನಾಮಧೇಯ’ ಅನ್ನಬಹುದೇ?

ಎಲ್ಲರಿಗೂ ಚಿಕ್ಕಮಗಳೂರಿನಿಂದ ನಮಸ್ಕಾರ.

ನನ್ನ ತಂಗಿಯ ಮಗಳು ಎಂಎ ಓದುತ್ತಿದ್ದಾಳೆ. ಕಾಫಿ ತೋಟದ ಮಾತುಗಳ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದಾಳೆ. ‘ಹೂಮಳೆ’ ಅನ್ನೋ ತಲೆಬರಹದ ಒಂದು ಜಾಲಪುಟದಿಂದ ಎರಡು ಸಾಲನ್ನು ಇದ್ದ ಹಾಗೇ ತೆಗೆದುಕೊಂಡಿದ್ದಾಳೆ. ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಹುಡುಕಿದರೂ ಬರೆದವರ ಹೆಸರಿಲ್ಲ, ತಾರೀಖೂ ಇಲ್ಲ. ಅದಕ್ಕೆ ಆವರಣದಲ್ಲಿ ‘ಅನಾಮಧೇಯ’ ಅಂತ ಹಾಕಿದ್ದಳು. ಕರಡು ನೋಡುವಾಗ ಆ ಪದ ನನಗೆ ಸರಿ ಅನಿಸಲಿಲ್ಲ.

ಅನಾಮಧೇಯ ಅಂದ ಕೂಡಲೇ ನೆನಪಾಗೋದು ಅನಾಮಧೇಯ ಪತ್ರ, ಅನಾಮಧೇಯ ಕರೆ. ಬೇಕೆಂದೇ ಹೆಸರು ಮುಚ್ಚಿಟ್ಟಿದ್ದಾರೆ ಅನ್ನೋ ಅರ್ಥ ಅದರಲ್ಲಿ ಸೇರಿಕೊಂಡಿದೆ. ಮೂಗರ್ಜಿಯ ವಾಸನೆ ಬರುತ್ತದೆ. ‘ಅಜ್ಞಾತ’ ಅಂದರೆ ಯಾರೆಂದೇ ತಿಳಿಯದು. ಹಳೆಯ ಹಸ್ತಪ್ರತಿಗೆ ಅದು ಒಪ್ಪುತ್ತದೆ. ಈ ಪುಟದ್ದು ಎರಡೂ ಅಲ್ಲ. ಯಾರೋ ಕೂತು ಬರೆದಿದ್ದಾರೆ, ಹೆಸರು ಹಾಕಿಲ್ಲ, ಅಷ್ಟೇ ಅಲ್ವಾ? ಅವರ ಮೇಲೆ ನಾವು ಸುಮ್ನೆ ಇಲ್ಲದ ಅರ್ಥ ಹೊರಿಸಬಾರದು.

ಪ್ರಬಂಧಗಳಲ್ಲಿ ಆಕರ ತೋರಿಸೋಕೆ ಬಳಸುವ ಎಪಿಎ (ಅಮೆರಿಕದ ಮನೋವಿಜ್ಞಾನ ಸಂಘದ) ಪದ್ಧತಿಯಲ್ಲೂ ‘ಅನಾಮಧೇಯ’ ಅಂತ ಕೊಡೋದು ಬರಹದ ಮೇಲೇ ಹಾಗೆ ಅಚ್ಚಾಗಿದ್ದರೆ ಮಾತ್ರ. ಇಲ್ಲದಿದ್ದರೆ ತಲೆಬರಹವೇ ಹೆಸರಿನ ಜಾಗಕ್ಕೆ ಬರುತ್ತದೆ. ಇಲಾಖೆಯೋ ಮಂಡಳಿಯೋ ಬರೆದು ಹೊರಡಿಸಿದ್ದರೆ ಅದರ ಹೆಸರು. ಇದ್ದ ಹಾಗೇ ತೆಗೆದ ಮಾತಿಗೆ ಜಾಗ ತೋರಿಸಲೇಬೇಕು. ಪುಟಸಂಖ್ಯೆ ಇಲ್ಲದಿದ್ದರೆ ಪ್ಯಾರಾ ಎಣಿಸಿ ಕೊಡಬಹುದು.

ಶಾಸನ ಓದುವವರಿಗೆ ಇದು ಹೊಸದಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 5ನೇ ಸಂಪುಟ ಹಾಸನದ್ದು, 6ನೆಯದು ಆಗಿನ ಕಡೂರು ಜಿಲ್ಲೆಯದು, ಅಂದರೆ ನಮ್ಮದೇ. ಅಲ್ಲಿಂದ ಏನಾದರೂ ತೆಗೆದರೆ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ, ಸಾಲು ಕೊಡುತ್ತೇವೆ. ಯಾರೂ ‘ಅನಾಮಧೇಯ’ ಅಂತ ಸೇರಿಸುವುದಿಲ್ಲ. ಓದುವವರು ನೇರವಾಗಿ ಆ ಕಲ್ಲಿನ ಆ ಸಾಲಿಗೇ ಹೋಗಿ ನಿಲ್ಲಬಹುದು. ಜಾಲಪುಟಕ್ಕೂ ಬೇಕಾದದ್ದು ಇಷ್ಟೇ ಅಂತ ನನ್ನ ನಂಬಿಕೆ.

ಹಾಗಾಗಿ ಈಗ ಹೀಗೆ ತಿದ್ದಿದ್ದೇವೆ: (‘ಹೂಮಳೆ’, ತಾರೀಖಿಲ್ಲ, ಪ್ಯಾರಾ 4).

ಇಲ್ಲೇ ನನಗೆ ನಿಮ್ಮ ಸಹಾಯ ಬೇಕು. ಅವಳು ಮೊದಲು ‘ದಿನಾಂಕ ಇಲ್ಲ’ ಅನ್ನೋದನ್ನು ‘ದಿ. ಇ.’ ಅಂತ ಚಿಕ್ಕದು ಮಾಡಿದ್ದಳು. ‘ದಿ.’ ಕಂಡರೆ ಜಾಸ್ತಿ ಜನ ದಿವಂಗತ ಅಂತಲೇ ಓದುತ್ತಾರೆ. ಅದಕ್ಕೇ ಪೂರ್ತಿ ‘ತಾರೀಖಿಲ್ಲ’ ಅಂತ ಬರೆಸಿದೆ. ಪ್ರಬಂಧದಲ್ಲಿ ಇಂಥ ಪುಟಗಳು ಹತ್ತಾರಿವೆ, ಪ್ರತಿ ಸಲ ಅಷ್ಟುದ್ದ ಬರೆಯೋದು ಕಷ್ಟ. ಕನ್ನಡದಲ್ಲಿ ಗೊಂದಲವಿಲ್ಲದ ಚಿಕ್ಕ ರೂಪ ಯಾರಾದರೂ ಬಳಸಿದ್ದೀರಾ? ಸಂಶೋಧನೆ ಮಾಡಿಸುವ ಮೇಷ್ಟ್ರುಗಳು ಯಾರಾದರೂ ಇದ್ದರೆ, ನಿಮ್ಮ ವಿದ್ಯಾರ್ಥಿಗಳಿಗೆ ಏನು ಹೇಳುತ್ತೀರಿ ಅಂತ ದಯವಿಟ್ಟು ತಿಳಿಸಿ.