ಪದಚರ್ಚೆ: ಹಿಪ್ ಹಾಪ್ ‘ಪ್ರೊಡ್ಯೂಸರ್’ ಅವರನ್ನು ‘ನಿರ್ಮಾಪಕ’ ಎನ್ನಬಹುದೇ? (ಶನಿವಾರದೊಳಗೆ ಬೇಕು)

ಮೈಸೂರಿನಿಂದ:

ಬಳಗದವರಿಗೆ ನಮಸ್ಕಾರ.

ನಮ್ಮ ಕಾಲೇಜಿನಲ್ಲಿ ಧ್ವನಿಮುದ್ರಣದ ಇತಿಹಾಸ ಕುರಿತ ಒಂದು ಪ್ರದರ್ಶನ ನಡೆಯಲಿದ್ದು, ಅದರ ಒಂದು ಫಲಕ ಅಮೆರಿಕದ ಹಿಪ್ ಹಾಪ್ (ತಾಳದ ಮೇಲೆ ಸಾಲುಗಳನ್ನು ಲಯಬದ್ಧವಾಗಿ ಹೇಳುವ ರ‍್ಯಾಪ್ ಇರುವ ಸಂಗೀತ) ಕಲಾವಿದ ಡಾ. ಡ್ರೆ ಅವರ ವೃತ್ತಿಜೀವನಕ್ಕೆ ಮೀಸಲಾಗಿದೆ. ಫ್ಲೆಕ್ಸ್ ಶನಿವಾರ ಅಚ್ಚಿಗೆ ಹೋಗುತ್ತದೆ. ಒಳಬರಹ ಮುಗಿದಿದೆ, ಚಿತ್ರದ ಅಡಿಯಲ್ಲಿ ಬರಬೇಕಾದ ಒಂದು ಸಾಲು ಮಾತ್ರ ಕೈಗೆ ಸಿಗುತ್ತಿಲ್ಲ. ಮೊದಲ ಕರಡಿನಲ್ಲಿ ‘ಹಿಪ್ ಹಾಪ್ ನಿರ್ಮಾಪಕ ಹಾಗೂ ರೆಕಾರ್ಡ್ ಲೇಬಲ್ ಕಾರ್ಯನಿರ್ವಾಹಕ’ ಎಂದು ಬರೆದಿದ್ದೆ (ರೆಕಾರ್ಡ್ ಲೇಬಲ್ ಎಂದರೆ ಹಾಡುಗಳನ್ನು ಹೊರತರುವ ಕಂಪನಿ). ಡಿಟಿಪಿ ಮಾಡುವ ಹುಡುಗ ಅದನ್ನು ಓದಿ, ‘ಮೇಡಂ, ಇವರು ಯಾವ ಸಿನಿಮಾ ತೆಗೆದಿದ್ದಾರೆ?’ ಎಂದು ಕೇಳಿದ.

ಹುಡುಗನದು ತಪ್ಪಲ್ಲ. ನಮ್ಮಲ್ಲಿ ನಿರ್ಮಾಪಕರೆಂದರೆ ದುಡ್ಡು ಹಾಕುವವರು; ಚಿತ್ರ ಓಡಿದರೆ ಗೆದ್ದವರು, ಓಡದಿದ್ದರೆ ಮನೆ ಮಾರಿದವರು. ಹಿಪ್ ಹಾಪ್‌ನಲ್ಲಿ ಆ ಪದದ ಅರ್ಥವೇ ಬೇರೆ. ಡ್ರಮ್ ಯಂತ್ರದಲ್ಲಿ ತಾಳ ಕೂಡಿಸಿ, ಅದರ ಮೇಲೆ ಬೇಸ್, ಕೀಬೋರ್ಡುಗಳ ನಾದವನ್ನು ಹೊಂದಿಸಿ, ರ‍್ಯಾಪ್ ಹೇಳುವವರಿಂದ ಒಂದೊಂದು ಸಾಲನ್ನೂ ಬೇಕಾದ ಹಾಗೆ ಹೇಳಿಸಿ, ಕೊನೆಗೆ ಎಲ್ಲವನ್ನೂ ಹದವಾಗಿ ಬೆರೆಸಿ ಹಾಡಿಗೆ ಹಾಡಿನ ರೂಪ ಕೊಡುವವರನ್ನು ಅಲ್ಲಿ ಪ್ರೊಡ್ಯೂಸರ್ ಎನ್ನುತ್ತಾರೆ. 1965ರಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ ಬೆಳೆದ ಡ್ರೆ, 1988ರಲ್ಲಿ ಬಂದ, ತಾವೂ ಇದ್ದ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ‘ಸ್ಟ್ರೇಟ್ ಔಟಾ ಕಾಂಪ್ಟನ್’ ಆಲ್ಬಂಗೆ ಡಿಜೆ ಯೆಲ್ಲಾ ಜೊತೆಗೂಡಿ ಮಾಡಿದ್ದು ಈ ಕೆಲಸವನ್ನೇ. ಆಲ್ಬಂ ಹೊರತಂದ ರೂತ್‌ಲೆಸ್ ರೆಕಾರ್ಡ್ಸ್ ಅದೇ ತಂಡದ ಈಜಿ-ಇ ಅವರದು. ಸಂಗೀತ ಒಬ್ಬರ ಕೈಯಲ್ಲಿ, ಕಂಪನಿ ಇನ್ನೊಬ್ಬರ ಕೈಯಲ್ಲಿ.

ಆದರೆ 1991ರ ಹೊತ್ತಿಗೆ ಅವರು ಶುಗ್ ನೈಟ್ ಮುಂತಾದವರ ಜೊತೆ ಡೆತ್ ರೋ ರೆಕಾರ್ಡ್ಸ್ ಕಟ್ಟಿದರು. ಅದನ್ನು ಬಿಟ್ಟು 1996ರಲ್ಲಿ ಆಫ್ಟರ್‌ಮ್ಯಾತ್ ಎಂಬ ಸ್ವಂತ ಸಂಸ್ಥೆ ತೆರೆದರು. ಅಲ್ಲಿಂದಾಚೆಗೆ ಅವರು ಒಡೆಯರೂ ಹೌದು. ಈ ಎರಡು ಕೆಲಸಗಳಿಗೆ ಎರಡು ಪದ ಬೇಕು. ಸಾಲಿನ ಅಗಲ ಕಡಿಮೆ ಇದೆ, ನಾಲ್ಕೈದು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ.

ಧಾರವಾಡದಿಂದ:

ಮಾನ್ಯರೇ, ‘ನಿರ್ಮಾಪಕ’ ಎಂಬುದು ನಿಮ್ಮ ಕೆಲಸಕ್ಕೆ ಬಾರದು, ಆದರೆ ನೀವು ಕೊಟ್ಟ ಕಾರಣಕ್ಕಲ್ಲ. ದುಡ್ಡು ಹಾಕುವ ಅರ್ಥ ಸಿನಿಮಾದವರು ಮೆತ್ತಿದ್ದಲ್ಲ, ಪದದ ಒಡಲಲ್ಲಿಯೇ ಇದೆ. ‘ಮಾ’ ಧಾತುವಿಗೆ ಪ್ರೇರಣಾರ್ಥದಲ್ಲಿ ಪುಗಾಗಮ (ನಡುವೆ ‘ಪ್’ ಸೇರುವುದು) ಬಂದು ‘ಮಾಪಯತಿ’ ಆಗುತ್ತದೆ; ಹಾಗಾಗಿ ನಿರ್ಮಾಪಕ ಎಂದರೆ ಮಾಡಿಸುವವನು. ತಾನೇ ಮಾಡುವವನು ನಿರ್ಮಾತೃ. ತೆಲುಗಿನವರೂ ಹಿಂದಿಯವರೂ ಸಿನಿಮಾಕ್ಕೆ ಹಣ ಹೂಡುವವನನ್ನು ‘ನಿರ್ಮಾತಾ’ ಎಂದು ಕರೆದು ಈ ಭೇದವನ್ನು ಕೈಬಿಟ್ಟರು. ಕನ್ನಡದವರು ಸರಿಯಾದ ರೂಪವನ್ನು ಆರಿಸಿಕೊಂಡಿದ್ದಾರೆ, ಬಹುಶಃ ತಿಳಿಯದೆಯೇ.

ಆದ್ದರಿಂದ ನಿಮ್ಮ ವ್ಯಕ್ತಿ ತಾನೇ ಕುಳಿತು ಸಂಗೀತ ಮಾಡಿದ ಕಾಲಕ್ಕೆ ‘ಸಂಗೀತ ನಿರ್ಮಾತೃ’ ಎನ್ನಿರಿ, ಸಂಸ್ಥೆ ತೆರೆದು ಇತರರಿಂದ ಮಾಡಿಸಿದ ಕಾಲಕ್ಕೆ ‘ನಿರ್ಮಾಪಕ’ ಎನ್ನಿರಿ. ಪ್ರಶ್ನೆ ಇಲ್ಲಿಗೆ ಮುಗಿಯಿತು.

ಬೆಂಗಳೂರಿನಿಂದ:

ಮುಗಿಯಲಿಲ್ಲ ಸರ್. ಕಾಲೇಜಿನ ಗೋಡೆಯ ಮೇಲೆ ‘ನಿರ್ಮಾತೃ’ ಎಂದು ಬರೆದರೆ ಎಷ್ಟು ಮಂದಿ ಓದುಗರಿಗೆ ಅದು ತಿಳಿದೀತು? ಪುಗಾಗಮದ ಅಡಿಟಿಪ್ಪಣಿಯನ್ನೂ ಫ್ಲೆಕ್ಸ್ ಮೇಲೆ ಹಾಕಿಸುವಿರಾ? ಕೇಳುಗ, ಓದುಗ, ನೋಡುಗ ಎಂಬ ಪದಗಳು ನಮ್ಮಲ್ಲಿ ನೆಲೆ ನಿಂತಿವೆ. ಅದೇ ಹಾದಿಯಲ್ಲಿ ‘ಉಲಿಕಟ್ಟುಗ’ ಎಂದರೆ ಸಾಕು. ಉಲಿಯನ್ನು ಕಟ್ಟುವವನು ಉಲಿಕಟ್ಟುಗ. ಹಾಡು ಕಟ್ಟುವುದು, ಪದ ಕಟ್ಟುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇರುವ ಮಾತು. ‘ರೆಕಾರ್ಡ್ ಲೇಬಲ್’ ಎಂಬುದಕ್ಕೆ ‘ಹಾಡುಮನೆ’ ಎನ್ನಬಹುದು, ಅದರ ಒಡೆಯ ‘ಹಾಡುಮನೆಯೊಡೆಯ’. ನಾಲ್ಕೈದು ಪದವೇಕೆ, ಎರಡರಲ್ಲೇ ಮುಗಿಯುತ್ತದೆ. ಸಂಸ್ಕೃತದಿಂದಲೂ ಇಂಗ್ಲಿಶಿನಿಂದಲೂ ಎರವಲು ತರುವುದನ್ನು ನಿಲ್ಲಿಸದ ಹೊರತು ಇಂತಹ ಪ್ರಶ್ನೆಗಳು ಪ್ರತಿ ವಾರವೂ ಬರುತ್ತಲೇ ಇರುತ್ತವೆ.

ಧಾರವಾಡದಿಂದ:

‘ಉಲಿಕಟ್ಟುಗ’ ಎಂದರೆ ಉಲಿಯದಂತೆ ಬಾಯಿ ಕಟ್ಟಿಸುವವನು ಎಂದೂ ಅರ್ಥವಾದೀತು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಬೆಂಗಳೂರಿನಿಂದ ಇನ್ನೊಬ್ಬರು:

ಬಹಳ ವರ್ಷ ಧ್ವನಿಮುದ್ರಣ ಸ್ಟುಡಿಯೋದಲ್ಲಿ ಕೆಲಸ ಮಾಡಿದವನು ನಾನು; ಇಬ್ಬರು ಹಿರಿಯರ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ಮಾಡುವವನು, ಮಾಡಿಸುವವನು ಎಂಬ ಭೇದ ವ್ಯಾಕರಣದಲ್ಲಿ ಎಷ್ಟು ಸ್ಪಷ್ಟವೋ ಸ್ಟುಡಿಯೋದಲ್ಲಿ ಅಷ್ಟು ಸ್ಪಷ್ಟವಲ್ಲ. ಡ್ರೆ ಅವರ 1999ರ ‘ಸ್ಟಿಲ್ ಡಿ.ಆರ್.ಇ.’ ಹಾಡನ್ನು ಎಲ್ಲರೂ ಗುರುತಿಸುವುದು ಅದರ ಪಿಯಾನೋದಿಂದ. ಅದನ್ನು ನುಡಿಸಿದವರು ಸ್ಕಾಟ್ ಸ್ಟಾರ್ಚ್. 2003ರಲ್ಲಿ 50 ಸೆಂಟ್ ಎಂಬ ರ‍್ಯಾಪ್ ಕಲಾವಿದರಿಗೆ ಹೆಸರು ತಂದ ‘ಇನ್ ಡಾ ಕ್ಲಬ್’ ಹಾಡಿನಲ್ಲಿ ಡ್ರೆ ಜೊತೆಗೆ ಮೈಕ್ ಎಲಿಜಾಂಡೊ ಅವರ ಕೈಯೂ ಇದೆ. ಹಾಗೆಂದು ಡ್ರೆ ಸುಮ್ಮನೆ ಕುಳಿತಿದ್ದರೆಂದಲ್ಲ. ಯಾವ ಸ್ವರ ಉಳಿಯಬೇಕು, ಯಾವುದು ಹೋಗಬೇಕು, ಡ್ರಮ್ ಎಷ್ಟು ಮುಂದಿರಬೇಕು, ದನಿ ಎಷ್ಟು ಒಣಗಿರಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಅವರು. ನುಡಿಸುವವರು ಬೇರೆ, ಆರಿಸುವ ಕಿವಿ ಅವರದು. ಇವರನ್ನು ನಿರ್ಮಾತೃ ಎನ್ನುವುದೋ ನಿರ್ಮಾಪಕ ಎನ್ನುವುದೋ, ಧಾರವಾಡದ ಗುರುಗಳೇ ಹೇಳಬೇಕು.

ಕನ್ನಡದಲ್ಲಿ ಈ ಕೆಲಸ ಮಾಡುವವರಿಗೆ ಆಗಲೇ ಹೆಸರಿದೆ: ಸಂಗೀತ ನಿರ್ದೇಶಕ. ಅವರೂ ಎಲ್ಲ ವಾದ್ಯಗಳನ್ನು ತಾವೇ ನುಡಿಸುವುದಿಲ್ಲ. ನಮ್ಮ ಸಿನಿಮಾ ಹಾಡುಗಳಲ್ಲಿ ಮೊದಲು ಟ್ಯೂನ್ ಆಗಿ, ಆಮೇಲೆ ಅದಕ್ಕೆ ಸಾಹಿತ್ಯ ಬರೆಸುವುದು ರೂಢಿ; ಹಿಪ್ ಹಾಪ್‌ನಲ್ಲಿಯೂ ಸಾಮಾನ್ಯವಾಗಿ ಮೊದಲು ಬೀಟ್ (ತಾಳ, ವಾದ್ಯಗಳ ಹಿನ್ನೆಲೆ), ಅದನ್ನು ಕೇಳುತ್ತಾ ಸಾಲು. ‘ರಾಗ ಸಂಯೋಜಕ’ ಎನ್ನಲಾಗದು, ರ‍್ಯಾಪ್‌ಗೆ ಆ ಅರ್ಥದಲ್ಲಿ ಧಾಟಿಯೇ ಇಲ್ಲ. ‘ವಾದ್ಯ ಸಂಯೋಜಕ’ ಎಂದರೆ ಕೆಲಸದ ಒಂದು ಪಾಲು ಮಾತ್ರ ಬಂದಂತಾಗುತ್ತದೆ. ಅಮೆರಿಕದ ಸಂಗೀತ ಪ್ರಶಸ್ತಿಗಳಾದ ಗ್ರ್ಯಾಮಿಯಲ್ಲಿ 2001ರಲ್ಲಿ ಡ್ರೆ ಅವರಿಗೆ ವರ್ಷದ ಪ್ರೊಡ್ಯೂಸರ್ ಪ್ರಶಸ್ತಿ ಬಂದಿತ್ತು. ಅದು ಬಂಡವಾಳಕ್ಕೆ ಕೊಡುವ ಪ್ರಶಸ್ತಿಯಲ್ಲ, ಈ ಕಿವಿಗೆ ಕೊಡುವುದು.

ಲೇಬಲ್ ವಿಚಾರ. ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸುತ್ತಿದ್ದ ದುಂಡು ಕಾಗದದ ಹೆಸರು ಕಂಪನಿಗೆ ಅಂಟಿಕೊಂಡಿತು. ನಮ್ಮವರು ಅದನ್ನು ‘ಆಡಿಯೋ ಕಂಪನಿ’ ಎನ್ನುತ್ತಾರೆ, ಹಾಡುಗಳ ಮಾರಾಟವನ್ನು ‘ಆಡಿಯೋ ಹಕ್ಕು’ ಎನ್ನುತ್ತಾರೆ. ‘ಹಾಡುಮನೆ’ ಚೆನ್ನಾಗಿದೆ, ಆದರೆ ಅಲ್ಲಿ ಕೂತು ಹಾಡುತ್ತಾರೆ ಎನಿಸುತ್ತದೆ. ‘ಕಾರ್ಯನಿರ್ವಾಹಕ’ ಎಂದರೆ ಎಂಜಿನಿಯರ್ ನೆನಪಾಗುತ್ತಾರೆ. ‘ಕಾರ್ಯಕಾರಿ ನಿರ್ಮಾಪಕ’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ; ನಮ್ಮ ಸಿನಿಮಾದಲ್ಲಿ ಅವರು ಚಿತ್ರೀಕರಣದ ಊಟ, ಗಾಡಿ, ಬಟವಾಡೆ ನೋಡಿಕೊಳ್ಳುವವರು.

ಧಾರವಾಡದಿಂದ:

ಆಕಾಶವಾಣಿಯ ನಾಟಕ ಮುಗಿದಾಗ ‘ನಿರ್ಮಾಣ’ ಎಂದು ಹೇಳಿ ಒಬ್ಬರ ಹೆಸರನ್ನು ಓದುತ್ತಾರೆ. ಅವರು ಹಣ ಹಾಕಿದವರಲ್ಲ, ನಟರಿಂದ ನುಡಿಸಿ ನಾಟಕವನ್ನು ಆಗುಮಾಡಿದವರು. ಅಂದರೆ ಮಾಡಿಸುವುದು ಎಂಬುದಕ್ಕೆ ಹಣದ ಅರ್ಥವೇ ಆಗಬೇಕೆಂದಿಲ್ಲ. ಸ್ಟುಡಿಯೋದ ಸದಸ್ಯರು ವಿವರಿಸಿದ ಕೆಲಸ ಶುದ್ಧ ಪ್ರೇರಣಾರ್ಥಕವೇ. ನನ್ನ ಹಿಂದಿನ ಪತ್ರದ ಹಂಚಿಕೆಯನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳುತ್ತೇನೆ. ವ್ಯುತ್ಪತ್ತಿಯನ್ನು ತಿದ್ದಿಕೊಳ್ಳುವುದಿಲ್ಲ.

ಬೆಂಗಳೂರಿನಿಂದ:

ಆಡಿಯೋ, ಕಂಪನಿ, ಟ್ಯೂನ್, ಬೀಟ್! ಕೆಲಸಗಾರರ ಬಾಯಲ್ಲಿ ಇರುವುದೆಲ್ಲ ಕನ್ನಡವಾಗುವುದಾದರೆ ಈ ಬಳಗ ಯಾಕೆ ಬೇಕು? ಎರವಲಿಗೂ ಒಂದು ಮಿತಿ ಇರಬೇಕು.

ಮೈಸೂರಿನಿಂದ:

ಎರವಲಿನ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಫಲಕದಲ್ಲಿ ನನ್ನನ್ನು ಕಾಡಿದ ಇನ್ನೊಂದು ಪದ ‘ಸ್ಯಾಂಪಲ್’. ಹಳೆಯ ಮುದ್ರಣದ ತುಣುಕನ್ನೇ ಕತ್ತರಿಸಿ ಹೊಸ ಹಾಡಿನೊಳಗೆ ಇಡುವುದನ್ನು ‘ಮಾದರಿ’ ಎಂದು ಅನುವಾದಿಸಿದರೆ ಹಾಸ್ಯಾಸ್ಪದವಾಗುತ್ತದೆ. ನಾನು ‘ಎರವಲು ತುಣುಕು’ ಎಂದು ಬರೆದಿದ್ದೇನೆ. ಡ್ರೆ ಅವರ ವೈಶಿಷ್ಟ್ಯ ಇಲ್ಲಿಯೇ ಇದೆ. 1992ರ ‘ದ ಕ್ರಾನಿಕ್’ ಆಲ್ಬಂನಲ್ಲಿ ಅವರು ಅನೇಕ ಕಡೆ ಹಳೆಯ ಫಂಕ್ (ಲಯಪ್ರಧಾನ ಅಮೆರಿಕನ್ ಸಂಗೀತ) ಹಾಡುಗಳ ತುಣುಕನ್ನು ಹಾಗೆಯೇ ಎತ್ತದೆ, ವಾದ್ಯದವರನ್ನು ಕೂರಿಸಿ ಹೊಸದಾಗಿ ನುಡಿಸಿಕೊಂಡರು. ಲಿಯಾನ್ ಹೇವುಡ್ ಅವರ 1975ರ ಹಾಡೊಂದು ಅದರ ಅತ್ಯಂತ ಪ್ರಸಿದ್ಧ ಗೀತೆಗೆ ಒದಗಿದ್ದು ಈ ಬಗೆಯಿಂದ. ತುಣುಕನ್ನೇ ಎತ್ತಿದರೆ ಹಾಡು ರಚಿಸಿದವರ ಅನುಮತಿಯ ಜೊತೆಗೆ ಆ ಮುದ್ರಣದ ಒಡೆಯರ ಅನುಮತಿಯೂ ಬೇಕು. ಮರಳಿ ನುಡಿಸಿದರೆ ಮುದ್ರಣದ ಒಡೆಯರನ್ನು ಕೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾದದ ಮೈ ಪೂರ್ತಿ ತಮ್ಮದಾಗುತ್ತದೆ. ಈ ಬಳಗದ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ತತ್ಸಮ, ಎರಡನೆಯದು ತದ್ಭವ.

ತತ್ಸಮದ ತೊಂದರೆ ಏನೆಂಬುದಕ್ಕೆ ನಮ್ಮ ದೇಶಕ್ಕೆ ಸಂಬಂಧಿಸಿದ ಪ್ರಕರಣವೇ ಇದೆ. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಹಾಡು ಆಫ್ಟರ್‌ಮ್ಯಾತ್‌ನಿಂದ ಬಂತು. ಅದರೊಳಗೆ ಲತಾ ಮಂಗೇಶ್ಕರ್ ಅವರ ದನಿ ಇತ್ತು, 1981ರ ಹಿಂದಿ ಚಿತ್ರ ‘ಜ್ಯೋತಿ’ಗಾಗಿ ಬಪ್ಪಿ ಲಾಹಿರಿ ಸಂಗೀತ ಕೊಟ್ಟ ಹಾಡಿನದು. ಲಾಹಿರಿಯವರ ಹೆಸರು ಎಲ್ಲಿಯೂ ಇರಲಿಲ್ಲ. 2003ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯ, ಅವರ ಹೆಸರು ಹಾಕದೆ ಆ ಆಲ್ಬಂ ಮಾರುವಂತಿಲ್ಲ ಎಂದು ಆದೇಶಿಸಿತು. ಗಮನಿಸಿ: ಆ ಹಾಡಿನ ಪ್ರೊಡ್ಯೂಸರ್ ಡ್ರೆ ಅಲ್ಲ, ಡಿಜೆ ಕ್ವಿಕ್. ಡ್ರೆ ಅಲ್ಲಿ ಕಂಪನಿಯ ಒಡೆಯರು ಮಾತ್ರ. ಪ್ರೊಡ್ಯೂಸರ್ ಪದ ಬೇರೆ, ಒಡೆಯರ ಪದ ಬೇರೆ ಇರಲೇಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಅವರ ಇಡೀ ವೃತ್ತಿಜೀವನವೇ ಪ್ರೊಡ್ಯೂಸರ್ ಪದದ ಒಂದು ಅರ್ಥದಿಂದ ಹೊರಟು ಇನ್ನೊಂದು ಅರ್ಥವನ್ನು ಮುಟ್ಟಿದೆ. 1998ರಲ್ಲಿ ರ‍್ಯಾಪ್ ಕಲಾವಿದ ಎಮಿನೆಮ್ ಅವರನ್ನು ತಮ್ಮ ಸಂಸ್ಥೆಗೆ ಸೇರಿಸಿಕೊಂಡಾಗ ಅವರು ಸಂಗೀತ ಮಾಡಿದವರೂ ಹೌದು, ಹೊಣೆ ಹೊತ್ತವರೂ ಹೌದು. 2006ರಲ್ಲಿ ಸಂಗೀತೋದ್ಯಮಿ ಜಿಮ್ಮಿ ಅಯೋವಿನ್ ಜೊತೆ ಬೀಟ್ಸ್ ಕಂಪನಿ ಶುರುಮಾಡಿ ಹೆಡ್‌ಫೋನ್ ಮಾರಿದರು. 2014ರಲ್ಲಿ ಆ್ಯಪಲ್ ಅದನ್ನು 300 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ತಮ್ಮ ಹಳೆಯ ತಂಡವನ್ನು ಕುರಿತ 2015ರ ಚಲನಚಿತ್ರಕ್ಕೆ ಅವರೂ ಒಬ್ಬ ನಿರ್ಮಾಪಕರು, ಅಚ್ಚ ಕನ್ನಡದ ಅರ್ಥದಲ್ಲಿ. ಡಿಟಿಪಿ ಹುಡುಗನ ಪ್ರಶ್ನೆಗೆ ಕೊನೆಗೂ ಉತ್ತರವಿತ್ತು.

ಬೆಂಗಳೂರಿನಿಂದ:

ತದ್ಭವ ಎಂದು ಹೊಗಳಿದಿರಿ, ಸಂತೋಷ. ಹಾಗಾದರೆ ‘ಪ್ರೊಡ್ಯೂಸರ್’ ಪದಕ್ಕೂ ಒಂದು ತದ್ಭವ ಮಾಡಿರಿ, ‘ಸಂಗೀತ ನಿರ್ದೇಶಕ’ ಎಂಬ ಸಿನಿಮಾದ ಹಳೆಯ ಅಂಗಿ ತೊಡಿಸಬೇಡಿ. ಇನ್ನೊಂದು: ಹೆಸರಿನ ‘ಡಾ.’ ತೆಗೆಯಿರಿ. ಗೌರವ ಡಾಕ್ಟರೇಟ್ ಎಂದು ಓದುತ್ತಾರೆ.

ಮೈಸೂರಿನಿಂದ:

‘ಡಾ.’ ತೆಗೆಯಲಾಗದು, ಅದು ಪದವಿಯಲ್ಲ. ಡಾ. ಜೆ ಎಂದು ಹೆಸರಾಗಿದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ ಜೂಲಿಯಸ್ ಎರ್ವಿಂಗ್ ಅವರ ಅಡ್ಡಹೆಸರನ್ನು ನೋಡಿ ಇಟ್ಟುಕೊಂಡದ್ದು. ‘ಡಾಕ್ಟರ್ ಡ್ರೆ’ ಎಂದು ಬಿಡಿಸಿ ಬರೆದಿದ್ದೇನೆ, ಆಗ ಅಡ್ಡಹೆಸರೆಂಬುದು ಸ್ವಲ್ಪ ತೋರುತ್ತದೆ.

ಹಳೆಯ ಅಂಗಿಯ ವಿಷಯ. ಕ್ಯಾಸೆಟ್ ಸತ್ತು ಎಷ್ಟೋ ವರ್ಷವಾದರೂ ನಾವು ‘ಧ್ವನಿಸುರುಳಿ ಬಿಡುಗಡೆ’ ಎನ್ನುತ್ತಲೇ ಇದ್ದೇವೆ, ಸುರುಳಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ‘ಸಂಗೀತ ನಿರ್ದೇಶಕ’ ಪದವೂ ಸಿನಿಮಾದ ಹೊರಗೆ ಅಷ್ಟು ದೂರ ನಡೆಯಬಲ್ಲದು ಎಂದು ನಂಬಿದ್ದೇನೆ. ಫಲಕದ ಸಾಲು ಹೀಗಿದೆ: ‘ಸಂಗೀತ ನಿರ್ದೇಶಕ, ಆಡಿಯೋ ಸಂಸ್ಥೆಗಳ ಸ್ಥಾಪಕ’. ಎಲ್ಲರಿಗೂ ಕೃತಜ್ಞತೆಗಳು.

ಧಾರವಾಡದಿಂದ:

‘ಸ್ಥಾಪಕ’ದಲ್ಲಿಯೂ ಅದೇ ಪುಗಾಗಮ ಇದೆ. ನಿಲ್ಲಿಸುವವನು. ಸರಿಯಾಗಿದೆ.

ಮೈಸೂರಿನಿಂದ:

ಸಾಲನ್ನು ಅಚ್ಚಿಗೆ ಕೊಟ್ಟೆ. ಹುಡುಗ ಓದಿ, ‘ಯಾವ ಸಿನಿಮಾಕ್ಕೆ ಮ್ಯೂಸಿಕ್ ಕೊಟ್ಟಿದ್ದಾರೆ ಮೇಡಂ?’ ಎಂದ. ಅಕ್ಷರದ ಗಾತ್ರವನ್ನು ಎರಡು ಪಾಯಿಂಟ್ ಇಳಿಸಿ, ಮುಂದೆ ‘ಹಿಪ್ ಹಾಪ್’ ಎಂದು ಸೇರಿಸಿಸಿ ಬಂದಿದ್ದೇನೆ.