ಉರಿಮೂತ್ರ, ಎರಡು ತಿಂಗಳಿಗೆ ಮದುವೆ, ಎಲ್ಲಿ ತೋರಿಸ್ಲಿ? ಅನುಭವ ಇರೋರು ಹೇಳಿ

ಕೇಳಿದ್ದು, ತುಮಕೂರಿಂದ:
ಅಣ್ಣಂದಿರೇ ಅಕ್ಕಂದಿರೇ, ನಂಗೆ 27. ಮೂರು ವಾರದ ಹಿಂದೆ ಬೆಂಗಳೂರಲ್ಲಿ ಒಂದ್ಸಲ ಕಾಂಡೋಮ್ ಇಲ್ದೆ ಆಗೋಯ್ತು. ಹತ್ತು ದಿನದಿಂದ ಉಚ್ಚೆ ಹೋಗುವಾಗ ಉರಿ, ಬೆಳಗ್ಗೆ ಚಡ್ಡಿಲಿ ಹಳದಿ ಕಲೆ. ಅಮ್ಮ ಉಷ್ಣ ಅಂತ ಬಾರ್ಲಿ ನೀರು ಕುಡಿಸ್ತಾವ್ರೆ. ಮೆಡಿಕಲ್ ಸ್ಟೋರಲ್ಲಿ ಎರಡು ದಿನಕ್ಕೆ ಮಾತ್ರೆ ತಗೊಂಡೆ, ಕಮ್ಮಿಯಾಗಿ ಮತ್ತೆ ಬಂತು. ದೊಡ್ಡಾಸ್ಪತ್ರೆಗೆ ಹೋದ್ರೆ ಯಾರಾದ್ರೂ ಗೊತ್ತಿರೋರು ಸಿಕ್ಬಿಡ್ತಾರೆ ಅಂತ ಭಯ. ಬಸ್ ಸ್ಟ್ಯಾಂಡ್ ಹತ್ರ ಗೋಡೆ ಮೇಲೆ ಗುಪ್ತರೋಗ ಅಂತ ಒಂದು ನಂಬರ್ ಇದೆ, ಅಲ್ಲಿಗೆ ಹೋಗ್ಲಾ?

ಲಾರಿ ಡ್ರೈವರ್, ಕೋಲಾರ:
ಗೋಡೆ ನಂಬರಿಗೆ ಮಾತ್ರ ಫೋನ್ ಮಾಡ್ಬೇಡ ಕಣಪ್ಪ, ನಾನು ಮಾಡಿ ಕೆಟ್ಟಿದೀನಿ. ಎಪಿಎಂಸಿಯಿಂದ ಟೊಮ್ಯಾಟೊ ಲೋಡ್ ಹಾಕ್ಕೊಂಡು ವಾರಗಟ್ಟಲೆ ರೋಡಲ್ಲೇ ಇರ್ತಿದ್ದ ಕಾಲ, ತಪ್ಪಾಯ್ತು, ಅದ್ಬಿಡು. ಲಾಡ್ಜ್ ರೂಮಲ್ಲಿ ಕೂತಿದ್ದ ಆ ಡಾಕ್ಟ್ರು ನರ ವೀಕಾಗಿದೆ ಅಂತ ಲೇಹ, ಭಸ್ಮ ಕೊಟ್ಟು ಎಂಟು ಸಾವಿರ ಕಿತ್ಕೊಂಡ, ಬಟ್ಟೆ ಬಿಚ್ಚಿಸಿ ನೋಡ್ಲೂ ಇಲ್ಲ, ರಕ್ತ ಟೆಸ್ಟೂ ಇಲ್ಲ. ತಿಂಗಳೊಳಗೆ ಒಂದು ಬೀಜ ಊದ್ಕೊಂಡು ಕ್ಲಚ್ ತುಳಿಯೋಕಾಗ್ದೆ ಗಾಡಿ ಸೈಡಿಗೆ ಹಾಕಿ ಅತ್ತಿದೀನಿ. ಆಮೇಲೆ ಜಿಲ್ಲಾಸ್ಪತ್ರೇಲಿ ಇಂಥ ಲೈಂಗಿಕ ರೋಗಕ್ಕೇ ಅಂತ ಇರೋ ಸುರಕ್ಷಾ ಕ್ಲಿನಿಕ್‌ಗೆ ಹೋದೆ. ಬೂದು ಬಣ್ಣದ ಒಂದು ಪ್ಯಾಕೆಟ್ಟು, ಅದರೊಳಗಿನ ಮಾತ್ರೆ ಸಿಸ್ಟರ್ ಎದುರಿಗೇ ನುಂಗಿಸಿದ್ರು, ಒಂದು ಪೈಸೆ ಇಲ್ಲ. ಹೆಂಡತಿಗೂ ಒಂದು ಪ್ಯಾಕೆಟ್ ಕೊಟ್ಟು ಇಬ್ರೂ ತಗೊಳ್ಲೇಬೇಕು ಅಂದ್ರು. ನೀನು ಚೀಟಿ ಮಾಡಿಸೋ ಕೌಂಟರಲ್ಲಿ ಚರ್ಮದ ಡಾಕ್ಟ್ರು ಅಂತಷ್ಟೇ ಹೇಳು, ಮಿಕ್ಕಿದ್ದು ಒಳಗೆ ಹೇಳ್ಕೊಂಡ್ರಾಯ್ತು.

ಶಿಡ್ಲಘಟ್ಟದ ಅಕ್ಕ:
ಮೇಲಿನ ಅಣ್ಣ ಹೆಂಡತಿಗೂ ಕೊಟ್ರು ಅಂದ್ರಲ್ಲ, ನಮ್ಮನೇಲಿ ಅದು ಆಗ್ಲಿಲ್ಲ. ನಮ್ಮೆಜಮಾನ್ರು ತಾವೊಬ್ರೇ ಗುಟ್ಟಾಗಿ ಮಾತ್ರೆ ತಗೊಂಡು ವಾಸಿ ಮಾಡ್ಕೊಳೋದು, ನನ್ನಿಂದ ಅವರಿಗೆ ಮತ್ತೆ ಹತ್ತೋದು, ಹಿಂಗೇ ಎರಡು ವರ್ಷ. ನಂಗೆ ಉರಿ ಗಿರಿ ಏನೂ ಇರ್ಲಿಲ್ಲ ತಮ್ಮಾ, ಬಿಳಿ ಹೋಗ್ತಿತ್ತು, ಕೆಳಹೊಟ್ಟೆ ಒಂಥರಾ ಎಳೆಯೋದು, ರೇಷ್ಮೆ ರೀಲಿಂಗ್ ಕೆಲಸದಲ್ಲಿ ದಿನವೆಲ್ಲ ನಿಂತ್ರೆ ಯಾರಿಗೆ ನೋವಿರಲ್ಲ ಅಂತ ಸುಮ್ನಿದ್ದೆ. ಮಗು ನಿಲ್ಲಲಿಲ್ಲ ಅಂತ ತೋರ್ಸಿದಾಗ್ಲೇ ಗರ್ಭನಾಳಕ್ಕೆ ಸೋಂಕು ಏರಿದೆ ಅಂತ ಗೊತ್ತಾಗಿದ್ದು. ಅತ್ತೆ ಮಾತ್ರ ಅಷ್ಟೂ ದಿನ ನನ್ನನ್ನೇ ಬಂಜೆ ಅಂದ್ರು. ಇಬ್ರೂ ಒಟ್ಟಿಗೆ ಔಷಧಿ ತಗೊಂಡು ಏಳು ದಿನ ದೂರ ಇರಿ ಅಂದ್ರು ಡಾಕ್ಟ್ರು. ನೀನು ಆ ಹುಡುಗಿಗೆ ಏನೂ ಹೇಳ್ದೆ ತಾಳಿ ಕಟ್ಬೇಡ, ಬೈದ್ರೂ ಬೈಯ್ಲಿ.

ಲ್ಯಾಬಲ್ಲಿ ಕೆಲಸ ಮಾಡಿದ್ದವನು, ಚಿಕ್ಕಬಳ್ಳಾಪುರ:
ಉರಿ ನಿಂತ್ರೆ ಮುಗೀತು ಅನ್ಕೋಬೇಡಿ. ಅದೇ ಆಸ್ಪತ್ರೆಯಲ್ಲಿ ಐಸಿಟಿಸಿ ಅಂತ ಒಂದು ರೂಮಿರುತ್ತೆ, ಎಚ್‌ಐವಿ ಟೆಸ್ಟ್ ಫ್ರೀ, ಮೊದಲು ಕೌನ್ಸೆಲರ್ ಮಾತಾಡಿ ನಿಮ್ಮ ಒಪ್ಪಿಗೆ ತಗೊಂಡೇ ರಕ್ತ ತೆಗೆಯೋದು. ರಿಸಲ್ಟ್ ನಿಮ್ಮ ಒಪ್ಪಿಗೆ ಇಲ್ದೆ ಸಾಮಾನ್ಯವಾಗಿ ಬೇರೆಯವರಿಗೆ ಹೇಳಂಗಿಲ್ಲ, 2017ರ ಕಾಯ್ದೆನೇ ಇದೆ. ಸಿಫಿಲಿಸ್ ಅನ್ನೋ ಇನ್ನೊಂದು ಲೈಂಗಿಕ ರೋಗಕ್ಕೆ ವಿಡಿಆರ್‌ಎಲ್ ಅನ್ನೋ ರಕ್ತ ಪರೀಕ್ಷೆ ಕೂಡ ಮಾಡಿಸಿ, ಯಾಕಂದ್ರೆ ಅದರ ಹುಣ್ಣು ನೋಯಲ್ಲ, ತಾನಾಗೇ ಒಣಗುತ್ತೆ, ಜನ ವಾಸಿಯಾಯ್ತು ಅನ್ಕೋತಾರೆ, ರೋಗ ರಕ್ತದಲ್ಲಿ ಹಂಗೇ ಇರುತ್ತೆ. ಎಚ್‌ಐವಿ ಈಗ ನೆಗೆಟಿವ್ ಬಂದ್ರೂ ಆ ದಿನದಿಂದ ಅಂದ್ರೆ ಕಾಂಡೋಮ್ ಇಲ್ದೆ ಆದ ದಿನದಿಂದ ಮೂರು ತಿಂಗಳಿಗೆ ಇನ್ನೊಂದ್ಸಲ ನೋಡ್ಬೇಕು, ಅಲ್ಲೀವರೆಗೂ ಕಾಂಡೋಮ್ ಇಲ್ದೆ ಬೇಡ್ವೇ ಬೇಡ. ಇದನ್ನ ಓದ್ತಿರೋ ಬೇರೆಯವರಿಗೂ ಒಂದು ಮಾತು, ಹಿಂಗಾದ 72 ಗಂಟೆ ಒಳಗೆ ಓಡಿದ್ರೆ ಎಚ್‌ಐವಿ ತಡೆಯೋಕೆ 28 ದಿನದ ಮಾತ್ರೆ ಇದೆ, ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು. ಈ ತಮ್ಮನಿಗೆ ಆ ಟೈಮ್ ಮುಗಿದೋಗಿದೆ. ಹೋಗೋಕೆ ಧೈರ್ಯ ಸಾಲ್ದೆ ಇದ್ರೆ 1097 ಅನ್ನೋ ಎಚ್‌ಐವಿ ಸಹಾಯವಾಣಿಗೆ ಫೋನ್ ಮಾಡಿ, ದುಡ್ಡಿಲ್ಲ.

ತಿಪಟೂರಿಂದ ಒಬ್ಬ:
ಕಾಂಡೋಮ್ ವಿಷ್ಯ ಬಂತಲ್ಲ ಅದಕ್ಕೆ. ನಮ್ ಕಡೆ ಎಲ್ಲದಕ್ಕೂ ಕೊಬ್ರಿ ಎಣ್ಣೆನೇ, ಇದಕ್ಕೂ ಹಚ್ಚಿ ಹರಿದೋಯ್ತು ನಂದು. ಎಣ್ಣೆ, ವ್ಯಾಸಲೀನ್ ಬಿದ್ರೆ ಆ ರಬ್ಬರು ನಿಲ್ಲಲ್ಲ, ನೀರಿನ ಜೆಲ್ಲೇ ಬೇಕು. ಎರಡು ಒಟ್ಟಿಗೆ ಹಾಕೋದು ಇನ್ನೂ ದಡ್ಡತನ, ಒಂದಕ್ಕೊಂದು ಉಜ್ಜಿ ಹರಿಯುತ್ತೆ. ಪರ್ಸಲ್ಲಿ ಇಟ್ಕೊಂಡು ವರ್ಷ ಓಡಾಡಿದ್ದೂ ಬಿಸಿಗೆ ಹಾಳಾಗಿರುತ್ತೆ. ಸರ್ಕಾರಿ ಆಸ್ಪತ್ರೇಲಿ ಫ್ರೀ ಕೊಡ್ತಾರೆ, ನಾಚ್ಕೊಂಡು ಎರಡೇ ತಗೊಂಡು ಓಡಿಬರ್ಬೇಡಿ.

ಕೇಳಿದ್ದವನೇ, ಆರು ದಿನ ಆದ್ಮೇಲೆ:
ಹೋಗಿ ಬಂದೆ. ಯಾವುದಕ್ಕೆ ಹೆದರಿದ್ನೋ ಅದೇ ಆಯ್ತು, ಕ್ಯೂನಲ್ಲಿ ನಮ್ಮ ಹಿಂದಿನ ಬೀದಿ ಅಂಕಲ್. ಏನಪ್ಪಾ ಇಲ್ಲಿ ಅಂದ್ರು, ಅಲರ್ಜಿ ಅಂಕಲ್ ಅಂದೆ. ನಂಗೂ ಅದೇ ಕಣಪ್ಪ ಅಂದು ಗೋಡೆ ಕಡೆ ನೋಡ್ಕೊಂಡು ನಿಂತ್ರು. ಮಾತ್ರೆ ಅಲ್ಲೇ ನುಂಗಿದೆ, ಉರಿ ಹೋಯ್ತು, ಎರಡೂ ಟೆಸ್ಟ್ ಸದ್ಯಕ್ಕೆ ನೆಗೆಟಿವ್. ಮೂರು ತಿಂಗಳ ಟೆಸ್ಟ್ ಬರೋದು ಮದುವೆ ಆಗಿ ಒಂದು ವಾರಕ್ಕೆ. ಅಕ್ಕ ಹೇಳಿದಂಗೆ ಅವಳಿಗೆ ಹೇಳ್ಬೇಕು ಅಂತ ಎರಡು ಸಲ ಫೋನ್ ಮಾಡ್ದೆ, ಎರಡು ಸಲಾನೂ ಸೀರೆ ಬಣ್ಣ ಮಾತಾಡಿ ಇಟ್ಬಿಟ್ಟೆ. ಭಾನುವಾರ ಅವರೂರಿಗೆ ಹೋಗ್ತಿದೀನಿ.