ಸಹಾಯ ಬೇಕು: ಸ್ವಿಚ್ ಆರಿಸಿದರೂ ಮಲ್ಟಿಮೀಟರ್ 74 ವೋಲ್ಟ್ ತೋರಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಜಗಲಿಯ ಎಲ್‌ಇಡಿ ಬಲ್ಬ್ ಸ್ವಿಚ್ ಆರಿಸಿದ ಮೇಲೂ ರಾತ್ರಿಯಿಡೀ ಮಿಣುಕುಹುಳದಂತೆ ಮಂದವಾಗಿ ಬೆಳಗುತ್ತದೆ. ಬಲ್ಬ್ ಬದಲಿಸಿದೆ, ಹೊಸದಕ್ಕೂ ಅದೇ ಚಾಳಿ.

ಹೋದ ವಾರ ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಮೊದಲ ದಿನವೇ ಕೆಂಪು ತಂತಿಯನ್ನು ಆಂಪಿಯರ್ ತೂತಿನಲ್ಲಿಟ್ಟು ಬ್ಯಾಟರಿಯ ವೋಲ್ಟೇಜ್ ಅಳೆಯಲು ಹೋಗಿ ಫ್ಯೂಸ್ ಸುಟ್ಟುಕೊಂಡವನು ನಾನು. ಹಾಗಾಗಿ ಈ ಸಲ ಎರಡೆರಡು ಬಾರಿ ನೋಡಿಕೊಂಡು, ಎಸಿ ವೋಲ್ಟ್‌ಗೆ ತಿರುಗಿಸಿ ಹೋಲ್ಡರ್‌ನಲ್ಲಿ ಅಳೆದೆ. ಸ್ವಿಚ್ ಹಾಕಿದಾಗ 231 ವೋಲ್ಟ್, ಸರಿ. ಆರಿಸಿದಾಗ ಸೊನ್ನೆ ಬರಬೇಕಲ್ಲವೇ? 74 ಬಂತು!

ಸ್ವಿಚ್ಚನ್ನು ಫೇಸ್ (ವಿದ್ಯುತ್ ಬರುವ) ತಂತಿಯ ಬದಲು ನ್ಯೂಟ್ರಲ್‌ಗೆ (ವಿದ್ಯುತ್ ಮರಳುವ ತಂತಿಗೆ) ಜೋಡಿಸಿರಬಹುದೆಂಬ ಸಂಶಯದಿಂದ, ಆರಿಸಿದ ಸ್ಥಿತಿಯಲ್ಲೇ ಎರಡೂ ಪಿನ್‌ಗಳನ್ನು ಅರ್ತ್‌ಗೆ ಹೋಲಿಸಿ ಅಳೆದೆ. ಒಂದರಲ್ಲಿ 1, ಇನ್ನೊಂದರಲ್ಲಿ 73. ಎಲ್ಲಿಯೂ 230 ಇಲ್ಲ, ಹಾಗಾಗಿ ಆ ಸಂಶಯ ಸರಿಯಲ್ಲವೆನಿಸುತ್ತದೆ. ವಿಚಿತ್ರವೆಂದರೆ, ಹಳೆಯ 60 ವ್ಯಾಟ್ ತಂತಿ ಬಲ್ಬನ್ನು ಅದೇ ಹೋಲ್ಡರ್‌ಗೆ ಸಿಕ್ಕಿಸಿದರೆ ಓದು ಸೊನ್ನೆಗೆ ಇಳಿಯುತ್ತದೆ. ತೆಗೆದರೆ ಮತ್ತೆ 74.

ಮೀಟರ್‌ನ ಒಳರೋಧ 10 ಮೆಗಾಓಮ್ ಎಂದು ಕೈಪಿಡಿಯಲ್ಲಿದೆ, ಅಂದರೆ ಅದು ಎಳೆಯುವ ವಿದ್ಯುತ್ ತೀರಾ ಕಡಿಮೆ. ಪಕ್ಕದ ಫೇಸ್ ತಂತಿಯಿಂದ ಹರಿದು ಬರುವ ಅಲ್ಪ ವಿದ್ಯುತ್ತನ್ನೇ ಅದು ಹೀಗೆ ದೊಡ್ಡದಾಗಿ ತೋರಿಸುತ್ತಿದೆಯೇ, ಅಥವಾ ಗೋಡೆಯೊಳಗಿನ ತಂತಿಗಳ ಪೈಪಿನೊಳಗೆ ನೀರು ಸೇರಿ ನಿಜವಾಗಿಯೂ ಸೋರಿಕೆ ಆಗುತ್ತಿದೆಯೇ? ಎರಡನ್ನೂ ಬೇರ್ಪಡಿಸಿ ಪತ್ತೆ ಮಾಡುವುದು ಹೇಗೆ? ಮೇನ್ ಆರಿಸಿ, ತಂತಿಗಳ ಎರಡೂ ತುದಿ ಬಿಚ್ಚಿ ಓಮ್ ಅಳೆದರೆ ಸಾಕೇ, ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ತಂತಿಯ ಹೊದಿಕೆಯ ರೋಧ ಅಳೆಯುವ ಉಪಕರಣ) ಬೇಕೇ? ಪರಿಚಯದ ಎಲೆಕ್ಟ್ರಿಷಿಯನ್ ಗೋಡೆ ಒಡೆಯೋಣ ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ಬಲ್ಲವರು ದಯವಿಟ್ಟು ತಿಳಿಸಿ.